ತಾಯಿ ಮಕ್ಕಳ ಆಶ್ರಯ ಮನೆ: ಕೋಲಾರ ಸೀಮೆಯಲ್ಲಿ ನಡೆಸುವ ಬಗೆ

ಗಂಡನ ಮನೆಯಲ್ಲಿ ಬಾಳಲಾಗದ, ತವರಿಗೂ ಹೋಗಲಾಗದ ತಾಯಿ ತನ್ನ ಮಕ್ಕಳನ್ನು ಕಟ್ಟಿಕೊಂಡು ಕೆಲವು ಕಾಲ ಭಯವಿಲ್ಲದೆ ಇರಬಹುದಾದ ಜಾಗವೇ ಆಶ್ರಯ ಮನೆ. ಹೊಡೆತ ತಾಳಲಾರದೆ ಹೊರಟವರು, ಗಂಡ ಸತ್ತ ಮೇಲೆ ಮೈದುನರು ಹೊರಹಾಕಿದವರು, ಮದುವೆಯ ಮಾತು ನಂಬಿ ಬಸುರಾದವರು, ಮನಸ್ಸಿನ ಕಾಯಿಲೆಯಿಂದ ಬಸ್ ನಿಲ್ದಾಣದಲ್ಲಿ ಕೂಸಿನೊಂದಿಗೆ ಸಿಕ್ಕವರು ಅಲ್ಲಿಗೆ ಬರುತ್ತಾರೆ. ಅನಾಥಾಲಯ ಮಗುವನ್ನು ಸೇರಿಸಿಕೊಳ್ಳುತ್ತದೆ, ತಾಯಿಯನ್ನಲ್ಲ. ಮಹಿಳಾ ಹಾಸ್ಟೆಲ್ ದುಡಿಯುವ ಹೆಣ್ಣಿಗೆ ಹಾಸಿಗೆ ಕೊಡುತ್ತದೆ, ಆದರೆ ಬೆನ್ನಿಗೆ ಮೂರು ಮಕ್ಕಳಿದ್ದರೆ ಆಗದೆಂದು ತಲೆಯಾಡಿಸುತ್ತದೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದೇ ಆಶ್ರಯ ಮನೆಯ ವಿಶೇಷ, ಅದನ್ನು ನಡೆಸುವ ಕಷ್ಟವೂ ಅದೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಅಗತ್ಯಕ್ಕೆ ಅಲ್ಲಿಯವೇ ಆದ ಕಾರಣಗಳಿವೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಈ ಸೀಮೆಯಲ್ಲಿ ಹಳೆಯದು. ಇಂಥ ಮದುವೆಯಲ್ಲಿ ಅತ್ತೆ ಎನಿಸಿಕೊಂಡವಳು ಹುಡುಗಿಯ ಅಜ್ಜಿಯೋ ತಂದೆಯ ಅಕ್ಕತಂಗಿಯರಲ್ಲೊಬ್ಬಳೋ ಆಗಿರುತ್ತಾಳೆ. ಸಂಬಂಧ ಚೆನ್ನಾಗಿದ್ದಾಗ ಇದು ರಕ್ಷಣೆ. ಕೆಟ್ಟಾಗ ಹೆಣ್ಣಿಗೆ ತವರೆಂಬುದೇ ಉಳಿಯುವುದಿಲ್ಲ, ಏಕೆಂದರೆ ಗಂಡನ ಮೇಲೆ ದೂರು ಕೊಟ್ಟರೆ ಹೆತ್ತತಾಯಿಯ ತಮ್ಮನ ಮೇಲೋ ಸೋದರತ್ತೆಯ ಮಗನ ಮೇಲೋ ದೂರು ಕೊಟ್ಟಂತೆ. ‘ಹೇಗೋ ಹೊಂದಿಕೊಂಡು ಹೋಗಮ್ಮ’ ಎಂದು ಎರಡೂ ಕಡೆಯವರು ಒಂದೇ ಬಾಯಲ್ಲಿ ಹೇಳುತ್ತಾರೆ.

ಗಡಿಯ ಪಾತ್ರವೂ ಇದೆ. ಮುಳಬಾಗಿಲಿಗೆ ಪಲಮನೇರು, ಪುಂಗನೂರು ಕಡೆಯಿಂದ, ಶ್ರೀನಿವಾಸಪುರಕ್ಕೆ ಮದನಪಲ್ಲಿ ಕಡೆಯಿಂದ, ಮಾಲೂರಿಗೆ ಹೊಸೂರು ಕಡೆಯಿಂದ ಸೊಸೆಯರು ಬರುತ್ತಾರೆ. ಅವರ ಜನನ ಪ್ರಮಾಣಪತ್ರ, ಜಾತಿ ಪತ್ರ, ಶಾಲೆಯ ದಾಖಲೆ ಆಂಧ್ರದಲ್ಲೋ ತಮಿಳುನಾಡಿನಲ್ಲೋ ಉಳಿದಿರುತ್ತವೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ದೂರದ ರಾಜ್ಯಗಳಿಂದ ದುಡಿಯಲು ಬರುವ ಕುಟುಂಬಗಳಲ್ಲಿ ಗಂಡ ಬಿಟ್ಟುಹೋದರೆ ಹೆಂಡತಿಗೆ ನೆಂಟರಿಲ್ಲ, ಭಾಷೆಯೂ ಇಲ್ಲ. ಇದರ ಮೇಲೆ ಸಾಲ. ಮೈಕ್ರೋಫೈನಾನ್ಸ್ ಸಾಲದ ಬಿಕ್ಕಟ್ಟು ಕೋಲಾರ ಪಟ್ಟಣದಲ್ಲಿ 2009ರಲ್ಲೇ ದೇಶದ ಗಮನ ಸೆಳೆದಿತ್ತು. ಗುಂಪು ಸಾಲ ಹೆಂಗಸಿನ ಹೆಸರಿನಲ್ಲಿರುತ್ತದೆ. ಹಣ ಖರ್ಚು ಮಾಡಿದವನು ಗಂಡನಾದರೂ ಅವಳು ಮನೆ ಬಿಟ್ಟ ದಿನದಿಂದ ಕಂತು ಕೇಳಿಕೊಂಡು ಬರುವುದು ಅವಳ ಹಿಂದೆಯೇ.

ಈ ಕೆಲಸಕ್ಕೆ ಇಲ್ಲಿ ಹಳೆಯ ಬೇರುಗಳಿವೆ. 1876–78ರ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಪೂರ್ವ ಭಾಗ ತತ್ತರಿಸಿದಾಗ ಮಿಸ್ ಆನ್‌ಸ್ಟೇ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಸಾಕಿದರು. 1890ರಲ್ಲಿ ಆ ಸಂಸ್ಥೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈಗೆ ಬಂತು. ಮುಂದೆ ಅದೇ ಮಿಷನ್ ಹೆಂಗಸರು ಮಕ್ಕಳಿಗಾಗಿ ತೆರೆದ ಆಸ್ಪತ್ರೆಯನ್ನು ಇಟಿಸಿಎಂ ಆಸ್ಪತ್ರೆ ಎಂದು ಊರು ಈಗಲೂ ಗುರುತಿಸುತ್ತದೆ. ಕಾರ್ಕಳ ಸೀಮೆಯ ಮೂಲದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಆರಂಭಿಸಿ ಬಾಲವಿಧವೆಯರಿಗೆ ಅನ್ನದ ಜೊತೆ ಅಕ್ಷರ, ಕಸುಬು ಎರಡನ್ನೂ ಕೊಟ್ಟರು. ನಮ್ಮ ಕಾಲಕ್ಕೆ ಬಂದರೆ, ಮೈಸೂರಿನಲ್ಲಿ ಪಾರ್ವತಮ್ಮ ರಾಜ್‌ಕುಮಾರ್ ಅವರ ಮುಂದಾಳತ್ವದಲ್ಲಿ ಬೆಳೆದ ಮಹಿಳಾ ಆಶ್ರಯ ಕೇಂದ್ರ ಶಕ್ತಿಧಾಮ ಕನ್ನಡಿಗರಿಗೆಲ್ಲ ಪರಿಚಿತ.

ಸರ್ಕಾರದ ವ್ಯವಸ್ಥೆ ಪದರ ಪದರವಾಗಿ ಬೆಳೆದಿದೆ. ಕೇಂದ್ರ ಸರ್ಕಾರ 1969ರಲ್ಲಿ ಅಲ್ಪಾವಧಿ ವಸತಿ ಗೃಹಗಳನ್ನು, 2001ರಲ್ಲಿ ಸ್ವಾಧಾರ ಯೋಜನೆಯನ್ನು ತಂದಿತು. ಎರಡೂ ಸೇರಿ ಸ್ವಾಧಾರ ಗೃಹವಾದವು. ಮಾನವ ಸಾಗಣೆಗೆ ಬಲಿಯಾದವರಿಗಾಗಿ 2007ರಲ್ಲಿ ಉಜ್ವಲಾ ಬಂತು. 2022ರ ಮಿಷನ್ ಶಕ್ತಿ ಸ್ವಾಧಾರ ಗೃಹ ಮತ್ತು ಉಜ್ವಲಾ ಎರಡನ್ನೂ ಶಕ್ತಿ ಸದನ ಎಂಬ ಒಂದೇ ಹೆಸರಿನಡಿ ತಂದಿತು. ಇದರ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳು ಕರ್ನಾಟಕದ್ದೇ ಯೋಜನೆ. 2015ರಲ್ಲಿ ಆರಂಭವಾದ ಸಖಿ ಒನ್ ಸ್ಟಾಪ್ ಕೇಂದ್ರ ಜಿಲ್ಲಾ ಮಟ್ಟದ್ದು. ವೈದ್ಯರು, ಪೊಲೀಸರು, ವಕೀಲರು, ಆಪ್ತಸಮಾಲೋಚಕರ ನೆರವು ಒಂದೇ ಸೂರಿನಡಿ ಸಿಗುತ್ತದೆ. ಆದರೆ ಅಲ್ಲಿ ಉಳಿಯಬಹುದಾದದ್ದು ಸಾಮಾನ್ಯವಾಗಿ 5 ದಿನ ಮಾತ್ರ. ಆರನೆಯ ದಿನ ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದೇ ಆಶ್ರಯ ಮನೆ.

ಕಾನೂನಿನ ಬಲ ಬಂದದ್ದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿಂದ. 2005ರ ಈ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನೊಂದ ಮಹಿಳೆಯಾಗಲಿ, ಅವಳ ಪರವಾಗಿ ರಕ್ಷಣಾಧಿಕಾರಿಯಾಗಲಿ ಕೇಳಿದರೆ ಆಶ್ರಯ ಮನೆ ಜಾಗ ಕೊಡಬೇಕೆನ್ನುತ್ತದೆ ಅದರ 6ನೇ ಕಲಂ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರೂ ಸಿಡಿಪಿಒ ಎಂದು ಕರೆಯುವ ಅಧಿಕಾರಿಯೇ ರಕ್ಷಣಾಧಿಕಾರಿ. ಕಾಯ್ದೆಯ ನಿಯಮಗಳಲ್ಲಿ 16ನೆಯದನ್ನು ಪ್ರತಿ ಆಶ್ರಯ ಮನೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಕೌಟುಂಬಿಕ ಘಟನಾ ವರದಿ ಇನ್ನೂ ದಾಖಲಾಗಿಲ್ಲ ಎಂಬ ಕಾರಣಕ್ಕೆ ಆಶ್ರಯ ನಿರಾಕರಿಸುವಂತಿಲ್ಲ, ಅವಳು ಬೇಡವೆಂದರೆ ಅವಳು ಅಲ್ಲಿರುವ ಸಂಗತಿಯನ್ನು ಯಾರಿಗೂ ತಿಳಿಸುವಂತಿಲ್ಲ ಎನ್ನುತ್ತದೆ ಆ ನಿಯಮ. ‘ಮೊದಲು ಠಾಣೆಗೆ ಹೋಗಿ ಕಾಗದ ತಗೊಂಡು ಬಾ’ ಎಂದು ಬಾಗಿಲಲ್ಲೇ ಕಳಿಸುವ ಮನೆ ಕಾನೂನನ್ನೇ ಮೀರುತ್ತದೆ.

ಮನೆಗೆ ಜಾಗ ಹುಡುಕುವಾಗಲೇ ಅರ್ಧ ಕೆಲಸ ನಿರ್ಧಾರವಾಗುತ್ತದೆ. ಊರಿನಿಂದ ದೂರದ ತೋಟದ ಮನೆ ಅಗ್ಗಕ್ಕೆ ಸಿಗಬಹುದು, ಆದರೆ ರಾತ್ರಿ ಹೆರಿಗೆ ನೋವು ಬಂದರೆ ಅದು ಅಪಾಯದ ಜಾಗ. ಜಿಲ್ಲಾಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹತ್ತಿರ, ಶಾಲೆಗೆ ನಡೆದು ಹೋಗುವಷ್ಟು ದೂರ, ಬಸ್ ಇರುವ ರಸ್ತೆಯಿಂದ ತುಸು ಒಳಗೆ ಇರುವ ಮನೆ ಒಳ್ಳೆಯದು. ಹೊರಗೆ ನಾಮಫಲಕ ಹಾಕದಿರುವುದೇ ಕ್ಷೇಮ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಚಾಪೆ ಹಾಸಿ ಮಲಗಿಸುವ ಪದ್ಧತಿ ಬಿಡಬೇಕು. ಒಬ್ಬ ತಾಯಿಗೆ ಅವಳ ಮಕ್ಕಳೊಂದಿಗೆ ಚಿಕ್ಕದಾದರೂ ಒಂದು ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಬೀಗವಿರುವ ಪೆಟ್ಟಿಗೆ ಸಿಗಬೇಕು. ವರ್ಷಗಟ್ಟಲೆ ಯಾರೋ ಬಾಗಿಲು ದೂಡಿ ಒಳನುಗ್ಗಿದ ಅನುಭವ ಇರುವವಳಿಗೆ ಆ ಚಿಲಕದ ಬೆಲೆ ಗೊತ್ತು. ನೀರಿನ ವಿಚಾರವನ್ನೂ ಇಲ್ಲಿ ಮರೆಯುವಂತಿಲ್ಲ. ಕೋಲಾರ ಸೀಮೆಯಲ್ಲಿ ಕೊಳವೆಬಾವಿಯ ಆಳ ನಂಬಿ ಕಟ್ಟಡ ಹಿಡಿಯಬಾರದು. ಬಾಣಂತಿಯರೂ ಕೂಸುಗಳೂ ಇರುವ ಮನೆಗೆ ದೊಡ್ಡ ತೊಟ್ಟಿ, ಟ್ಯಾಂಕರಿನ ಖರ್ಚು ಎರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಸಿಬ್ಬಂದಿಯಲ್ಲಿ ಗೃಹಮಾತೆಯೇ ಮುಖ್ಯ. ಅಧೀಕ್ಷಕಿ, ಆಪ್ತಸಮಾಲೋಚಕಿ, ಅಡುಗೆಯವರು, ಕಾವಲುಗಾರರು ಬಂದು ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಎದ್ದು ಬರುವವಳು ಗೃಹಮಾತೆ. ಆ ಹುದ್ದೆಗೆ ಅತಿ ಕಡಿಮೆ ಸಂಬಳ ಕೊಡುವುದು ಬಹಳ ಮನೆಗಳ ಮೂಲ ತಪ್ಪು. ಕೋಲಾರದಲ್ಲಿ ಅವಳಿಗೆ ಕನ್ನಡದಷ್ಟೇ ತೆಲುಗು ಬರಬೇಕು. ಉರ್ದು ಬಲ್ಲವರು, ಮಾಲೂರಿನ ಕಡೆಗೆ ತಮಿಳು ಮತ್ತು ಹಿಂದಿ ಬಲ್ಲವರು ಒಬ್ಬರಾದರೂ ಇರಬೇಕು. ಹೊಡೆತದ ಕಥೆಯನ್ನು ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ.

ಬಂದ ರಾತ್ರಿ ಕೇಳಬೇಕಾದ ಪ್ರಶ್ನೆಗಳು ಬಹಳ ಕಡಿಮೆ. ಊಟ, ಸ್ನಾನಕ್ಕೆ ಬಿಸಿನೀರು, ಬದಲಿಗೆ ಬಟ್ಟೆ, ಮಗುವಿಗೆ ಹಾಲು, ಗಾಯವಿದ್ದರೆ ಆಸ್ಪತ್ರೆ. ಯಾರಿಂದ ತಕ್ಷಣದ ಅಪಾಯವಿದೆ, ಮನೆಯಲ್ಲಿ ಇನ್ನೂ ಮಕ್ಕಳು ಉಳಿದಿದ್ದಾರೆಯೇ ಎಂಬೆರಡನ್ನು ಮಾತ್ರ ಅಂದೇ ಕೇಳಿ ತಿಳಿಯಬೇಕು. ಉಳಿದ ಕಥೆಗೆ ಎರಡು ಮೂರು ದಿನ ಕಾಯಬಹುದು. ಒಂದೇ ಘಟನೆಯನ್ನು ಅಧೀಕ್ಷಕಿಗೆ, ಪೊಲೀಸರಿಗೆ, ಸಮಾಲೋಚಕಿಗೆ, ನೋಡಲು ಬಂದ ದಾನಿಗೆ ಮತ್ತೆ ಮತ್ತೆ ಹೇಳಿಸುವುದು ಕ್ರೌರ್ಯವೇ. ಅದನ್ನು ಒಮ್ಮೆ ಸರಿಯಾಗಿ ಬರೆದುಕೊಂಡು, ಅವಳಿಗೆ ಓದಿ ಹೇಳಿ, ಸಹಿ ಪಡೆದು ಬೀಗದಲ್ಲಿ ಇಡಬೇಕು.

ಗಂಡುಮಕ್ಕಳ ವಯಸ್ಸಿನ ಪ್ರಶ್ನೆ ಮೊದಲ ವಾರವೇ ಏಳುತ್ತದೆ. ಸ್ವಾಧಾರ ಗೃಹದ ನಿಯಮದಲ್ಲಿ 8 ವರ್ಷ ದಾಟಿದ ಹುಡುಗ ತಾಯಿಯೊಂದಿಗೆ ಇರುವಂತಿರಲಿಲ್ಲ. ಅವನನ್ನು ಬಾಲಮಂದಿರಕ್ಕೆ ಕಳಿಸಬೇಕಿತ್ತು. ಶಕ್ತಿ ಸದನದಲ್ಲಿ ಆ ಮಿತಿ 12 ವರ್ಷಕ್ಕೆ ಏರಿದೆ. ಇದು ಒಳ್ಳೆಯ ಬದಲಾವಣೆ, ಆದರೂ ಸಾಲದು. ಅಪ್ಪನ ಹೊಡೆತಕ್ಕೆ ಅಡ್ಡ ನಿಂತು ತಾಯಿಯನ್ನು ಉಳಿಸಿದ ಹದಿಮೂರರ ಹುಡುಗನಿಗೆ ‘ನೀನು ಬೇರೆ ಕಡೆ ಹೋಗು’ ಎನ್ನುವುದು ಅವನಿಗೆ ಶಿಕ್ಷೆಯಂತೆಯೇ ಕೇಳಿಸುತ್ತದೆ. ದೊಡ್ಡ ಮಗನನ್ನು ಬಿಟ್ಟು ಬರಲಾರದೆ ಹೊಡೆಸಿಕೊಂಡೇ ಉಳಿಯುವ ತಾಯಂದಿರೂ ಇದ್ದಾರೆ. ಒಂದೇ ಆವರಣದಲ್ಲಿ ಬೇರೆ ಬಾಗಿಲಿನ ಎರಡು ಮೂರು ಕುಟುಂಬ ಕೋಣೆಗಳಿದ್ದರೆ ಈ ಅಗಲಿಕೆ ತಪ್ಪುತ್ತದೆ. ಕಟ್ಟಡದ ನಕ್ಷೆ ಬರೆಸುವಾಗಲೇ ಇದನ್ನು ಯೋಚಿಸಬೇಕು.

ಬಸುರಿಯರು ಬಂದರೆ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಬೇಕು. ಹಳೆಯ ಕಾರ್ಡ್ ಗಂಡನ ಮನೆಯಲ್ಲೇ ಉಳಿದಿದ್ದರೂ ಆರೋಗ್ಯ ಕೇಂದ್ರದ ದಾಖಲೆಯಿಂದ ಹೊಸದು ಪಡೆಯಬಹುದು; ಚುಚ್ಚುಮದ್ದಿನ ಸರಣಿ ತಪ್ಪದಿರಲು ಅದೇ ಆಧಾರ. ಮಗುವಿಗೆ ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು, ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆ ಯಾವ ಕಾರಣಕ್ಕೂ ತಪ್ಪಬಾರದು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ಆದ್ದರಿಂದ ಹತ್ತಿರದ ಅಂಗನವಾಡಿಯಲ್ಲಿ ಆಶ್ರಯ ಮನೆಯ ತಾಯಂದಿರ ಹೆಸರು ಬರೆಸುವುದು ಅವರ ಹಕ್ಕು. ಪಥ್ಯದ ವಿಷಯದಲ್ಲಿ ಸ್ವಲ್ಪ ವಿವೇಕ ಬೇಕು. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ತರಕಾರಿ ಆಗದು ಎಂಬ ಹಳೆಯ ಕಟ್ಟುಪಾಡು ಅವಳನ್ನು ಸೊರಗಿಸುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರು, ಕಾಳು, ಮೊಟ್ಟೆ, ಮೆಣಸಿನ ಸಾರು ಈ ಸೀಮೆಯ ಅಡುಗೆಯಲ್ಲೇ ಇವೆ. ಬಾಣಂತಿಗೆ ಬೇಕಾದದ್ದು ಬಹುಪಾಲು ಅದರಲ್ಲಿದೆ.

ಬಂದವಳಿಗೆ 18 ತುಂಬಿಲ್ಲದಿದ್ದರೆ ದಾರಿ ಬೇರೆ. ಅವಳು ತಾಯಿಯಾಗಿದ್ದರೂ ಕಾನೂನಿನ ಕಣ್ಣಿಗೆ ಮಗುವೇ. 2015ರ ಬಾಲನ್ಯಾಯ ಕಾಯ್ದೆಯಂತೆ ಅವಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಬೇಕು. ಬಾಲ್ಯವಿವಾಹ ತಡೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದಾಗಿ, ಅದು ಜಾರಿಗೆ ಬಂದ ನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಊರಿನ ಹಿರಿಯರು ‘ಮದುವೆ ಆಗಿದೆಯಲ್ಲ’ ಎಂದು ಅವಳನ್ನು ವಾಪಸು ಕೇಳಲು ಬಂದರೆ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು.

ಮದುವೆಯಾಗದೆ ತಾಯಿಯಾದವರ ಸಂಗತಿಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅವಳು ಮಗುವನ್ನು ಸಾಕುತ್ತೇನೆ ಎಂದರೆ ಬೆಂಬಲಿಸಬೇಕು, ಸಾಕಲಾರೆ ಎಂದರೆ ಹೀಗಳೆಯಬಾರದು. ಒಪ್ಪಿಸುವ ದಾರಿ ಒಂದೇ: ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ. ಮನಸ್ಸು ಬದಲಿಸಲು ಕಾನೂನು ಅವಳಿಗೆ 2 ತಿಂಗಳ ಕಾಲಾವಕಾಶ ಕೊಡುತ್ತದೆ. ಮಕ್ಕಳಿಲ್ಲದ ದಂಪತಿಗೆ ಕೂಸನ್ನು ನೇರವಾಗಿ ಕೊಡಿಸುವ ‘ಪುಣ್ಯದ ಕೆಲಸ’ ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅಪರಾಧ. ಸಾಕುವವಳಿಗೆ ಜನನ ನೋಂದಣಿಯಲ್ಲಿ ತಂದೆಯ ಹೆಸರು ಇಲ್ಲವೆಂದು ತೊಂದರೆ ಕೊಡುವಂತಿಲ್ಲ. ಅವಿವಾಹಿತ ತಾಯಿಯ ಅಫಿಡವಿಟ್ ಆಧಾರದ ಮೇಲೆ ಮಗುವಿಗೆ ಜನನ ಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ.

ಶಾಲೆಯ ವಿಷಯಕ್ಕೆ ಬಂದರೆ, ವರ್ಗಾವಣೆ ಪತ್ರ ತರಲು ಹಳೆಯ ಊರಿಗೆ ಹೋಗುವುದೆಂದರೆ ಗಂಡನಿಗೆ ಸುಳಿವು ಕೊಟ್ಟಂತೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು, 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ತೆಲುಗು ಶಾಲೆಯಿಂದ ಬಂದ ಮಗು ಕನ್ನಡ ಅಕ್ಷರಕ್ಕೆ ಹೊಂದಿಕೊಳ್ಳಲು ಕೆಲವು ತಿಂಗಳು ಸಂಜೆ ಪಾಠ ಬೇಕು. ಮೊದಲ ವಾರಗಳಲ್ಲಿ ಹಾಸಿಗೆ ಒದ್ದೆ ಮಾಡುವುದು, ತಟ್ಟೆಯಲ್ಲಿ ಅನ್ನ ಬಚ್ಚಿಡುವುದು, ಚಿಕ್ಕವರನ್ನು ಹೊಡೆಯುವುದು ಕಾಣುತ್ತದೆ. ಅದಕ್ಕೆ ಬೈಗುಳ ಮದ್ದಲ್ಲ. ಗಂಟೆ ಹೊಡೆದಂತೆ ಒಂದೇ ಸಮಯಕ್ಕೆ ಊಟ, ಆಟ, ನಿದ್ದೆ ಸಿಗುತ್ತಾ ಹೋದರೆ ಬಹಳ ಮಕ್ಕಳು ತಾವೇ ಸುಧಾರಿಸುತ್ತಾರೆ. ವಿಧವೆಯರ, ವಿಚ್ಛೇದಿತರ, ಗಂಡ ಬಿಟ್ಟವರ ಮಕ್ಕಳಿಗೆ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕುವುದು ಆಶ್ರಯ ಮನೆಯ ಮೊದಲ ತಿಂಗಳ ಕೆಲಸಗಳಲ್ಲಿ ಒಂದಾಗಬೇಕು.

ಹೆರಿಗೆಯ ನಂತರದ ಮಾನಸಿಕ ಕಾಯಿಲೆಯನ್ನು ದೆವ್ವದ ಕಾಟವೆಂದು ತಿಳಿಯುವ ಮನೆಗಳಿಂದ ಬಂದ ತಾಯಂದಿರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ. 3 ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ. ನಿಮ್ಹಾನ್ಸ್‌ಗೆ ಕೋಲಾರದಿಂದ ಎರಡು ಗಂಟೆಯ ದಾರಿ. ಜೊತೆಗೆ ಹೋಗಿ ಬರುವವರೊಬ್ಬರನ್ನು ಸಂಸ್ಥೆ ಗೊತ್ತುಮಾಡಿರಬೇಕು.

ಕೋರ್ಟಿನ ಕೆಲಸದಲ್ಲಿ ತಿಳಿಯಬೇಕಾದ ಒಂದು ಮುಖ್ಯ ಅನುಕೂಲವಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಂ ಪ್ರಕಾರ, ಮಹಿಳೆ ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಗಂಡನ ಮನೆ ಪುಂಗನೂರಿನಲ್ಲಿದ್ದರೂ ಆಶ್ರಯ ಮನೆ ಕೋಲಾರದಲ್ಲಿದ್ದರೆ ಕೋಲಾರದಲ್ಲೇ ಪ್ರಕರಣ ನಡೆಯುತ್ತದೆ. ರಕ್ಷಣೆ, ವಾಸದ ಹಕ್ಕು, ಹಣಕಾಸಿನ ಪರಿಹಾರ, ಮಕ್ಕಳ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಜೀವನಾಂಶಕ್ಕೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕು ಪ್ರತಿ ಹೆಣ್ಣಿಗೂ ಇದೆ.

ರಾಜಿ ಪಂಚಾಯಿತಿಯ ಒತ್ತಡ ಮಾತ್ರ ಪ್ರತಿ ಪ್ರಕರಣದಲ್ಲೂ ಬರುತ್ತದೆ. ಹಬ್ಬಕ್ಕೆ ಮುಂಚೆ, ಊರ ಜಾತ್ರೆಗೆ ಮುಂಚೆ ಹಿರಿಯರು ಗಾಡಿ ಮಾಡಿಕೊಂಡು ಬರುತ್ತಾರೆ. ವಾಪಸು ಹೋಗುವುದೂ ಬಿಡುವುದೂ ಅವಳ ನಿರ್ಧಾರ. ಆಶ್ರಯ ಮನೆ ಅವಳನ್ನು ತಡೆಯಬಾರದು, ತಳ್ಳಲೂಬಾರದು. ಹೋಗುವುದಾದರೆ ಷರತ್ತುಗಳು ಬರಹದಲ್ಲಿರಲಿ, ಅದರ ಪ್ರತಿ ಸಿಡಿಪಿಒ ಬಳಿ ಇರಲಿ, ಮತ್ತೆ ಬಂದರೆ ಬಾಗಿಲು ತೆರೆದಿರುತ್ತದೆಂದು ಅವಳಿಗೆ ತಿಳಿದಿರಲಿ. ಎರಡನೆಯ ಸಲ, ಮೂರನೆಯ ಸಲ ಬಂದವಳನ್ನು ಹಂಗಿಸುವ ಸಿಬ್ಬಂದಿ ಈ ಕೆಲಸಕ್ಕೆ ಯೋಗ್ಯರಲ್ಲ.

ಹೊರಗಿನ ಬದುಕಿಗೆ ಮೊದಲ ಅಡ್ಡಿ ಕಾಗದಪತ್ರ. ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳಿಗೆ ಸಲ್ಲುತ್ತದೆ. ಮನೆ ಬಿಟ್ಟವಳ ಹೆಸರು ಅತ್ತೆಯ ಚೀಟಿಯಲ್ಲೇ ಉಳಿದಿರುತ್ತದೆ. ಅಲ್ಲಿಂದ ಹೆಸರು ತೆಗೆಸಿ, ಮಕ್ಕಳೊಂದಿಗೆ ಪ್ರತ್ಯೇಕ ಚೀಟಿ ಮಾಡಿಸಿ, ಅವಳದೇ ಬ್ಯಾಂಕ್ ಖಾತೆ, ಅವಳದೇ ಮೊಬೈಲ್ ಸಂಖ್ಯೆ ಜೋಡಿಸುವಷ್ಟರಲ್ಲಿ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದಲೇ ಬಿಡುಗಡೆಯ ತಯಾರಿ ಬಂದ ವಾರವೇ ಶುರುವಾಗಬೇಕು.

ಕೆಲಸಕ್ಕೆ ಈ ಸೀಮೆಯಲ್ಲಿ ಅವಕಾಶ ಕಡಿಮೆಯಿಲ್ಲ. ನರಸಾಪುರದ ಕಾರ್ಖಾನೆಗಳು, ಮಾಲೂರಿನ ಕೈಗಾರಿಕೆಗಳು, ಕೋಲಾರದ ಟೊಮೆಟೊ ಮಾರುಕಟ್ಟೆ, ಶ್ರೀನಿವಾಸಪುರದ ಮಾವಿನ ಮಂಡಿ, ಹೈನುಗಾರಿಕೆ, ರೇಷ್ಮೆ ಎಲ್ಲವೂ ಹೆಂಗಸರ ದುಡಿಮೆಯನ್ನು ಬೇಡುತ್ತವೆ. ಇಷ್ಟಿದ್ದೂ ಬಹಳ ಆಶ್ರಯ ಮನೆಗಳಲ್ಲಿ ಹೊಲಿಗೆ ಯಂತ್ರವೊಂದೇ ಕಾಣುವುದು ವಿಷಾದದ ಸಂಗತಿ. ಪಾಳಿ ಕೆಲಸದ ಸಂಬಳ ಹೆಚ್ಚು, ಆದರೆ ರಾತ್ರಿ ಪಾಳಿಗೆ ಹೋದರೆ ಮಗುವನ್ನು ನೋಡುವವರಾರು? 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ರಾಜ್ಯ 2023ರಲ್ಲಿ ನಿರ್ಧರಿಸಿತು. ಕೆಲಸ ಹುಡುಕುವಾಗ ಸಂಬಳಕ್ಕಿಂತ ಮೊದಲು ಇವುಗಳನ್ನು ವಿಚಾರಿಸಬೇಕು. ಹೊರಗೆ ಬಾಡಿಗೆ ಮನೆ ಹುಡುಕುವಾಗ ಇನ್ನೊಂದು ಗೋಡೆ ಎದುರಾಗುತ್ತದೆ: ಗಂಡನಿಲ್ಲದ ಹೆಣ್ಣಿಗೆ ಮನೆ ಕೊಡುವವರು ವಿರಳ. ಸಂಸ್ಥೆ ತಾನೇ ಕರಾರಿಗೆ ಸಹಿ ಹಾಕಿ, ಮೊದಲ ಕೆಲವು ತಿಂಗಳ ಮುಂಗಡ ಹೊತ್ತರೆ ಕೆಲಸವಾಗುತ್ತದೆ. ಇಬ್ಬರು ತಾಯಂದಿರು ಸೇರಿ ಒಂದು ಮನೆ ಹಿಡಿಯುವುದು ಇನ್ನೂ ಒಳ್ಳೆಯ ದಾರಿ, ಒಬ್ಬಳು ಪಾಳಿಗೆ ಹೋದಾಗ ಇನ್ನೊಬ್ಬಳು ಮಕ್ಕಳನ್ನು ನೋಡುತ್ತಾಳೆ.

ಹಣದ ಮಾತು ನೇರವಾಗಿ ಹೇಳಬೇಕು. ಸರ್ಕಾರದ ಅನುದಾನ ಕಂತಿನಲ್ಲಿ ಬರುತ್ತದೆ, ತಡವಾಗಿಯೂ ಬರುತ್ತದೆ. ಮಕ್ಕಳ ಹಸಿವು ಕಂತಿಗೆ ಕಾಯುವುದಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಮನೆ ತೆರೆಯಬಾರದು. ಸುತ್ತಲಿನ ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಮಾರುಕಟ್ಟೆಯ ಮಂಡಿಯವರ ತರಕಾರಿ, ಊರಿನವರ ಅಕ್ಕಿ ರಾಗಿ ಎಲ್ಲವೂ ಬರಲಿ, ಆದರೆ ಕೊಟ್ಟವರಿಗಾಗಿ ತಾಯಂದಿರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವ ಪದ್ಧತಿ ಬೇಡ. ಆ ಒಂದು ಫೋಟೊ ಫೋನಿನಿಂದ ಫೋನಿಗೆ ಹರಿದು ಗಂಡನ ಕೈ ಸೇರಬಹುದು.

ಮುಚ್ಚಿದ ಬಾಗಿಲ ಹಿಂದೆ ಆಶ್ರಯವೇ ಹಿಂಸೆಯಾಗುವ ಅಪಾಯವೂ ನಿಜ. ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದಲ್ಲಿ ನಡೆದ ಅತ್ಯಾಚಾರಗಳು 2018ರಲ್ಲಿ ಬಯಲಾದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸಿದ ಸಾಮಾಜಿಕ ಪರಿಶೋಧನೆಯಿಂದ. ಅಲ್ಲಿಗೆ ಸರ್ಕಾರಿ ತಪಾಸಣೆ ಇರಲಿಲ್ಲವೆಂದಲ್ಲ, ಮಕ್ಕಳೊಂದಿಗೆ ಒಂಟಿಯಾಗಿ ಕೂತು ಮಾತಾಡಿದವರು ಇರಲಿಲ್ಲ. ಆದ್ದರಿಂದ ಹೊರಗಿನ ಮಹಿಳಾ ವಕೀಲೆಯೋ ವೈದ್ಯೆಯೋ ತಿಂಗಳಿಗೊಮ್ಮೆ ಬಂದು, ಸಿಬ್ಬಂದಿಯನ್ನು ದೂರವಿಟ್ಟು ಒಬ್ಬೊಬ್ಬರೊಡನೆ ಮಾತಾಡುವ ವ್ಯವಸ್ಥೆ ಬೇಕು. ಅಡುಗೆ, ಸಮಯ, ಟಿವಿ, ಜಗಳ ಇವುಗಳ ನಿಯಮವನ್ನು ತಾಯಂದಿರ ವಾರದ ಸಭೆಯೇ ತೀರ್ಮಾನಿಸಲಿ. ಫೋನ್ ಕಸಿದುಕೊಳ್ಳುವುದು, ಹೊರಗೆ ಹೋಗದಂತೆ ಬೀಗ ಹಾಕುವುದು ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಸೆರೆಮನೆ.

ಉಳಿದಿರುವ ದೊಡ್ಡ ಕೊರತೆ ದೂರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೂರೂ ಜಿಲ್ಲಾ ಕೇಂದ್ರದಿಂದ 25–30 ಕಿಲೋಮೀಟರ್ ಆಸುಪಾಸಿನಲ್ಲಿವೆ. ಹಗಲಲ್ಲಿ ಇದು ಬಸ್ಸಿನ ಮಾತು, ರಾತ್ರಿ ಹಳ್ಳಿಯಿಂದ ಮಕ್ಕಳೊಂದಿಗೆ ಹೊರಟವಳಿಗೆ ದಾಟಲಾಗದ ದೂರ. ಪ್ರತಿ ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಿ ರಾತ್ರಿಯಿಡೀ ತೆರೆದಿರುವ ಎರಡು ಕೋಣೆ, ಒಬ್ಬ ಗೃಹಮಾತೆ, ಬೆಳಿಗ್ಗೆ ಕೋಲಾರಕ್ಕೆ ಕರೆದೊಯ್ಯಲು ಒಂದು ವಾಹನ ಇಷ್ಟು ಕೊಡುವುದು ಜಿಲ್ಲಾಡಳಿತಕ್ಕೂ ಮೂರು ತಾಲ್ಲೂಕುಗಳ ಶಾಸಕರಿಗೂ ಅಸಾಧ್ಯವಲ್ಲ. ಅದನ್ನು ಊರಿನ ಸ್ತ್ರೀಶಕ್ತಿ ಸಂಘಗಳು ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೂ ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವು 112, ಮಕ್ಕಳ ಸಹಾಯವಾಣಿ 1098 ಹಗಲಿರುಳು ತೆರೆದಿರುತ್ತವೆ. ಪಕ್ಕದ ಮನೆಯ ಪರವಾಗಿ ನೆರೆಯವರೂ ಈ ಸಂಖ್ಯೆಗಳಿಗೆ ಕರೆ ಮಾಡಬಹುದು. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಂ ಹೇಳುತ್ತದೆ.